ಅಣ್ಣನಿಗೆ ನಾವು ಮಾಡಿದ ಸನ್ಮಾನ

ನಾನು ಚಿಕ್ಕವಳಿದ್ದಾಗ ಅರಂತೋಡಿನ ಮಾರ್ಗದ ಬದಿಯಲ್ಲಿ ಅಪ್ಪನದೊಂದು ಹೋಟೆಲು ಇತ್ತು. ಹೋಟೆಲು ಎಂದರೆ ನೀವು ಈಗ ನೋಡುವಂಥದ್ದಲ್ಲ. ನಾಲ್ಕು ಬೆಂಚು, ಎರಡು ಮೇಜು, ಗೋಳಿಬಜೆ ಇಡುವ ಒಂದು ಗಾಜಿನ ಕಪಾಟು, ಅಷ್ಟೆ. ಮಡಿಕೇರಿಯಿಂದ ಘಾಟಿ ಇಳಿದು ಬಂದ ಬಸ್ಸು ನಮ್ಮೆದುರು ನಿಂತಾಗ ಸುಟ್ಟ ಬ್ರೇಕಿನ ವಾಸನೆ, ಕಾದ ತೆಂಗಿನೆಣ್ಣೆಯ ವಾಸನೆ ಎರಡೂ ಸೇರಿ ಮೂಗಿಗೆ ಹತ್ತುತ್ತಿತ್ತು. ಅಂಥ ವಾಸನೆ ಈಗಲೂ ಎಲ್ಲಾದರೂ ಬಂದರೆ ನನಗೆ ಹಸಿವಾಗುವುದಿಲ್ಲ, ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ.

ಅಮ್ಮ ನನಗೆ ನೆನಪು ಮೂಡುವ ಮೊದಲೇ ತೀರಿಹೋಗಿದ್ದಳು. ಅಡುಗೆಯೊಲೆ ಅಕ್ಕನ ಪಾಲಿಗೆ ಬಂದಿತ್ತು. ಎಲ್ಲರಿಗಿಂತ ದೊಡ್ಡವನಾದ ಅಣ್ಣ ನೌಕಾಪಡೆಯಲ್ಲಿದ್ದ. ಹಡಗಿನಲ್ಲಲ್ಲ, ವಿಮಾನದಲ್ಲಿ. ಸಮುದ್ರದ ಮೇಲೆ ಹಾರುವ ವಿಮಾನಗಳ ಒಂದು ಗುಂಪು, ಅದಕ್ಕೆ ಸ್ಕ್ವಾಡ್ರನ್ ಎನ್ನುತ್ತಾರೆ. ಒಂದೊಂದು ವಿಮಾನದಲ್ಲಿ ಮೂರೇ ಜನ. ಒಬ್ಬ ಹಾರಿಸುವವ, ಒಬ್ಬ ದಾರಿ ನೋಡುವವ, ಇನ್ನೊಬ್ಬ ಹಿಂದಿನ ಗೂಡಿನಂಥ ಜಾಗದಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಕೂರುವವ. ಶತ್ರುವಿನ ಹಡಗು ಕತ್ತಲಲ್ಲೂ ಮಂಜಿನಲ್ಲೂ ಕಾಣಲೆಂದು ರೇಡಾರ್ ಹಾಕುತ್ತದೆ. ಆ ರೇಡಾರಿನ ಅಲೆ ಬಂದು ಮುಟ್ಟಿದರೆ ವಿಮಾನದ ಯಂತ್ರದಲ್ಲಿ ಸಣ್ಣದೊಂದು ಶಬ್ದ ಏಳುತ್ತದೆ. ಅದನ್ನು ಕೇಳಿಯೇ ಹಡಗು ಯಾವ ದಿಕ್ಕಿನಲ್ಲಿದೆ, ಎಂಥ ಹಡಗು ಎಂದು ಹೇಳಬೇಕು. ಹಿಂದೆ ಕೂತು ಹಾಗೆ ಹೇಳುವುದು ಅಣ್ಣನ ಕೆಲಸ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅವನು ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ಆ ವರ್ಷ ಯುದ್ಧವಾಯಿತು. ಯುದ್ಧ ಮುಗಿದ ಮೇಲೆ ಊರಿಗೆ ಮೊದಲು ಬಂದವರು ಭೂಸೇನೆಯ ಇಬ್ಬರು ಹುಡುಗರು. ಒಬ್ಬನ ಕೈಗೆ ಪಟ್ಟಿ ಕಟ್ಟಿತ್ತು. ಅವರು ನಮ್ಮ ಬೆಂಚಿನಲ್ಲಿ ಕೂತು ಗುಂಡಿನ ಕಥೆ ಹೇಳಿದರೆ ಇಡೀ ಹೋಟೆಲು ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಅಪ್ಪ ಚಹಾ ಎತ್ತಿ ಹೊಯ್ಯುತ್ತಾ, "ನಮ್ಮವ ಬರ್ಲಿ, ಅವನ ಹತ್ರ ಇದಕ್ಕಿಂತ ದೊಡ್ಡ ಕಥೆ ಉಂಟು" ಎನ್ನುತ್ತಿದ್ದರು.

ಅಣ್ಣ ಬಂದ. ಕೆನ್ನೆ ಒಳಗೆ ಹೋಗಿತ್ತು. ಬಾಗಿಲಿಗೆ ಬೆನ್ನು ಹಾಕಿ ಮೂಲೆಯಲ್ಲಿ ಕೂರುತ್ತಿದ್ದ. "ಪುತ್ತೂರಿಗೆ ಒಮ್ಮೆ ಹೋಗ್ಲಿಕ್ಕುಂಟು" ಎಂದು ಅಕ್ಕನ ಹತ್ತಿರ ಹೇಳಿ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುತ್ತಿದ್ದ. ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಹೋಗುತ್ತಿತ್ತು. ಅಣ್ಣ ಹತ್ತದೆ ಹಿಂದೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದ. ಪುತ್ತೂರಿನಲ್ಲಿ ಏನಿದೆಯೆಂದು ನಾವು ಯಾರೂ ಕೇಳಲಿಲ್ಲ.

ಆದರೆ ಬೇರೆಲ್ಲವನ್ನೂ ಕೇಳಿದೆವು. ಸೇನೆಯಿಂದ ನಿವೃತ್ತರಾಗಿದ್ದ ಒಬ್ಬ ಅಜ್ಜ ದಿನಾ ನಮ್ಮಲ್ಲಿಗೆ ಚಹಾಕ್ಕೆ ಬರುತ್ತಿದ್ದರು. ಊರಿಗೆಲ್ಲ ಅವರು ಸುಬೇದಾರಜ್ಜ. ಮೀಸೆ ತಿರುವುತ್ತಾ ಅಣ್ಣನ ಎದುರಿಗೇ ಕೂತರು.

"ಎಂತ ಮಾರಾಯ, ಎಷ್ಟು ಹಡಗು ಮುಳುಗಿಸಿದಿ?"

"ಮುಳುಗಿಸುದು ನನ್ನ ಕೆಲಸ ಅಲ್ಲ ಅಜ್ಜ."

"ಮತ್ತೆಂತ ನಿನ್ನ ಕೆಲಸ?"

"ಕೂತು ಕೇಳುದು."

"ಎಂತ ಕೇಳುದು? ಚಿತ್ರಗೀತೆಯಾ?"

ಹೋಟೆಲು ಹೋ ಎಂದು ನಕ್ಕಿತು. ಅಣ್ಣ ಚಹಾದ ಲೋಟವನ್ನೇ ನೋಡುತ್ತಾ ಕೂತ. ಆ ದಿನದಿಂದ ಅವನ ಹೆಸರು 'ರೇಡಿಯೊ' ಆಯಿತು. ಅವನು ಮಾರ್ಗದಲ್ಲಿ ನಡೆದರೆ ಹುಡುಗರು ಹಿಂದಿನಿಂದ ಕುಂಯ್ ಎಂದು ರೇಡಿಯೊ ತಿರುಗಿಸುವ ಶಬ್ದ ಮಾಡುತ್ತಿದ್ದರು. ಶಾಲೆಯಲ್ಲಿ ನಾನು 'ರೇಡಿಯೊನ ತಂಗಿ'. ನನಗೆ ಅಣ್ಣನ ಮೇಲೆಯೇ ಸಿಟ್ಟು ಬರುತ್ತಿತ್ತು. ಒಂದು ಸುಳ್ಳು ಕಥೆಯನ್ನಾದರೂ ಹೇಳಬಾರದೇ ಇವನು ಎಂದು.

ಒಂದು ಆದಿತ್ಯವಾರ ಊರಿನವರು ಸೇರಿ ಮೈದಾನದಲ್ಲಿ ಮೂವರಿಗೂ ಸನ್ಮಾನ ಇಟ್ಟುಕೊಂಡರು. ಅಣ್ಣ ಬೆಳಿಗ್ಗೆಯೇ ಹೇಳಿದ, "ನನಗೆ ಬೇಡ ಅಪ್ಪ." ಅಪ್ಪ ಅವನ ಬಿಳಿ ಸಮವಸ್ತ್ರಕ್ಕೆ ತಾವೇ ಇಸ್ತ್ರಿ ಹಾಕುತ್ತಿದ್ದರು. ತಲೆ ಎತ್ತಲೇ ಇಲ್ಲ. "ಊರು ಮರ್ಯಾದೆ ಕೊಡುವಾಗ ಬೇಡ ಅಂತ ಹೇಳುದಾ? ಬಾಯಿ ಮುಚ್ಚಿ ಹಾಕು."

ಚಳಿಗಾಲದ ಬಿಸಿಲು ಹಿತವಾಗಿತ್ತು. ಮರದ ಕೊಂಬೆಗೆ ಕಟ್ಟಿದ ಲೌಡ್‌ಸ್ಪೀಕರು, ಹಲಗೆ ಜೋಡಿಸಿದ ವೇದಿಕೆ, ಮೇಜಿನ ಮೇಲೆ ನೀರು ಚಿಮುಕಿಸಿಟ್ಟ ಸೇವಂತಿಗೆ ಮಾಲೆಗಳು. ನಾನು ಶಾಲೆಯ ಗೆಳತಿಯರ ಜೊತೆ ಮುಂದಿನ ಚಾಪೆಯಲ್ಲಿ ಕೂತಿದ್ದೆ. ಮೂವರಿಗೂ ಮಾಲೆ ಹಾಕಿದರು. ಭೂಸೇನೆಯ ಹುಡುಗರು ಮಾತಾಡಿದರು, ಚಪ್ಪಾಳೆ ಬಿತ್ತು. ಆಮೇಲೆ ಸುಬೇದಾರಜ್ಜ ಮೈಕು ಹಿಡಿದರು. ಎದೆಯ ತುಂಬ ಪದಕಗಳು.

"ಈಗ ನಮ್ಮ ರೇಡಿಯೊ. ಇವ ಯುದ್ಧದಲ್ಲಿ ಎಂತ ಕೇಳಿದ ಅಂತ ಇವನ ಬಾಯಿಯಲ್ಲೇ ಕೇಳುವ."

ನಗು ಶುರುವಾಗಿತ್ತು. ಅಣ್ಣ ಎದ್ದು ಮೈಕಿನ ಮುಂದೆ ಬಂದ. ಬಾಯಿ ತೆರೆದ. ಅಷ್ಟರಲ್ಲಿ ಲೌಡ್‌ಸ್ಪೀಕರು ಒಮ್ಮೆಲೇ ಕೂಯ್ ಎಂದು ಕಿರುಚಿತು. ಅಣ್ಣ ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಬಿಳಿ ಸಮವಸ್ತ್ರ, ಕೊರಳಲ್ಲಿ ಹಳದಿ ಮಾಲೆ. ಮೈಮೇಲೆ ತಣ್ಣೀರು ಬಿದ್ದವರ ಹಾಗೆ ಅವನು ನಡುಗುತ್ತಿದ್ದ.

ಇಡೀ ಮೈದಾನ ನಕ್ಕಿತು. ಹಿಂದಿನಿಂದ ಯಾರೋ ಕೂಗಿದರು, "ಸ್ಟೇಷನ್ ಸಿಗುದಿಲ್ಲ ಮಾರಾಯ್ರೆ!" ಪಕ್ಕದಲ್ಲಿದ್ದ ಹುಡುಗಿಯರು ನನ್ನನ್ನು ತಿವಿದು ತಿವಿದು ನಗುತ್ತಿದ್ದರು. ಎಲ್ಲರೂ ಅವನನ್ನು ನೋಡಿ ನಗುವುದೋ ನನ್ನನ್ನು ನೋಡಿ ನಗುವುದೋ ಎಂದು ಒಂದು ಗಳಿಗೆ ಹೆದರಿದೆ. ಅವನ ಕಡೆಯವಳಾಗುವುದು ನನಗೆ ಬೇಡವಾಗಿತ್ತು. ಎದ್ದು ನಿಂತೆ. ಗಂಟಲು ಹರಿಯುವ ಹಾಗೆ ಕೂಗಿದೆ.

"ಅವನ ಕಿವಿ ತಿರುಪಿ, ಸ್ಟೇಷನ್ ಸಿಗ್ತದೆ!"

ನಗು ಇನ್ನೂ ಜೋರಾಯಿತು. ಗೆಳತಿಯರು ನನ್ನ ಬೆನ್ನು ತಟ್ಟಿದರು. ಅಣ್ಣ ತಲೆ ಎತ್ತಿ ನೇರವಾಗಿ ನನ್ನನ್ನು ನೋಡಿದ. ನಾನು ಆಗಲೂ ನಗುತ್ತಲೇ ಇದ್ದೆ, ಮಕ್ಕಳೇ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಅಣ್ಣನ ಕೊರಳಿನ ಮಾಲೆ ಎಳೆದು ಒಲೆಗೆ ಹಾಕಿದರು. ಹಸಿ ಹೂವು ಉರಿಯಲಿಲ್ಲ, ಹೊಗೆ ಎದ್ದಿತು. ಅಪ್ಪ ಹೇಳಿದ ಮಾತು ನನಗೆ ಬಾಯಿಪಾಠ ಬರುತ್ತದೆ. "ಸತ್ತಾದರೂ ಬರ್ಬಾರದಿತ್ತಾ ನೀನು? ಸತ್ತವರ ಅಪ್ಪನಿಗೆ ಊರಲ್ಲಿ ತಲೆ ಎತ್ತಿ ನಡೀಲಿಕ್ಕಾದ್ರೂ ಆಗ್ತದೆ."

"ಅಪ್ಪ!" ಎಂದು ಅಕ್ಕ ಸೌಟು ಕೆಳಗೆ ಹಾಕಿದಳು. ಅಣ್ಣ ಅಪ್ಪನ ಮುಖ ನೋಡಿದ, ತಾನೂ ಅದನ್ನೇ ಯೋಚಿಸುತ್ತಿದ್ದವನ ಹಾಗೆ. ಆಮೇಲೆ ಒಳಗೆ ಹೋಗಿ ಟ್ರಂಕು ತುಂಬಿಸಿದ. ರಜೆ ಇನ್ನೂ ಎಷ್ಟೋ ದಿನ ಉಳಿದಿತ್ತು. ಮಧ್ಯಾಹ್ನದ ಬಸ್ಸಿಗೆ ಅಕ್ಕ ಒಬ್ಬಳೇ ಅವನ ಜೊತೆ ಮಾರ್ಗಕ್ಕೆ ಬಂದಳು. ನಾನು ಗಾಜಿನ ಕಪಾಟಿನ ಹಿಂದೆ ನಿಂತು ನೋಡಿದೆ. ಅವನು ನನ್ನನ್ನು ಹುಡುಕಲಿಲ್ಲ.

ಅದೇ ಸಂಜೆ ಸುಳ್ಯದ ಕಡೆಯಿಂದ ಬಂದ ಬಸ್ಸಿನಿಂದ ಒಬ್ಬರು ಇಳಿದರು. ಬಿಳಿ ಟೊಪ್ಪಿ, ಬಿಳಿ ಗಡ್ಡ, ಕಂಕುಳಲ್ಲಿ ಕೊಡೆ. ಪುತ್ತೂರಿನಲ್ಲಿ ಒಣಮೀನಿನ ಅಂಗಡಿ ಇಟ್ಟುಕೊಂಡಿದ್ದ ಬ್ಯಾರಿ ಅವರು, ನಮ್ಮ ಕಡೆಯ ಮುಸ್ಲಿಂ ವ್ಯಾಪಾರಿ. ಅಣ್ಣನ ಹೆಸರು ಹೇಳಿ, ಇದು ಅವನ ಮನೆಯೇ ಎಂದು ಕೇಳಿ, ಬೆಂಚಿನ ತುದಿಯಲ್ಲಿ ಕೂತರು. ಸುಬೇದಾರಜ್ಜನೂ ಅಲ್ಲೇ ಇದ್ದರು.

"ನನ್ನ ಮಗ, ನಿಮ್ಮ ಮಗ ಒಟ್ಟಿಗೆ ಇದ್ದದ್ದು," ಎಂದರು ಬ್ಯಾರಿ. "ಒಂದೇ ಕೆಲಸ. ಒಂದು ದಿನ ಇವ ಹೋದರೆ ಇನ್ನೊಂದು ದಿನ ಅವ. ಆ ದಿನ ವಿಮಾನ ಹತ್ತಲಿಕ್ಕೆ ಇದ್ದದ್ದು ನಿಮ್ಮ ಮಗ. ಅವನಿಗೆ ನೆಗಡಿ ಆಗಿತ್ತಂತೆ. ಮೂಗು ಕಟ್ಟಿದವರನ್ನು ಮೇಲೆ ಬಿಡುದಿಲ್ಲಂತೆ, ಕಿವಿ ಒಡೀತದಂತೆ. ಅವನ ಬದಲಿಗೆ ನನ್ನ ಮಗ ಹೋದ. ನಿಮ್ಮ ಮಗ ಕೆಳಗೆ ಕೂತು ರೇಡಿಯೊದಲ್ಲಿ ನನ್ನ ಮಗನ ಮಾತು ಕೇಳ್ತಾ ಇದ್ದನಂತೆ. ಕಡೆಗೆ ಮಾತು ನಿಂತಿತಂತೆ. ವಿಮಾನ ವಾಪಸ್ ಬರಲಿಲ್ಲ. ಮಯ್ಯತ್ತು ಸಹ ಸಿಗಲಿಲ್ಲ, ಮಣ್ಣು ಮಾಡ್ಲಿಕ್ಕೆ."

ಬ್ಯಾರಿಯವರು ಕಂಕುಳಿನ ಕೊಡೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ಊರಿಗೆ ಬಂದಾಗ ನಮ್ಮ ಮನೆಗೆ ಬಂದು ಎಲ್ಲ ಹೇಳ್ತೇನೆ ಅಂತ ನಿಮ್ಮ ಮಗ ಕಾಗದ ಬರೆದಿದ್ದ. ಕಾದೆ. ಬರಲಿಲ್ಲ. ಹೆದರಿಕೆ ಆಗಿರ್ಬೇಕು, ಸಣ್ಣ ಹುಡುಗ ಅಲ್ವಾ. ಮನೆಯಲ್ಲಿ ಅವನ ತಾಯಿ ದಿನಾ ಕೇಳ್ತಾಳೆ, ಮಗ ಕಡೆಗೆ ಎಂತ ಹೇಳಿದ ಅಂತ. ಅದು ನಿಮ್ಮ ಮಗನಿಗೆ ಮಾತ್ರ ಗೊತ್ತುಂಟು. ಸ್ವಲ್ಪ ಕರೀತೀರಾ?"

ಅಪ್ಪ ಕೈಯಲ್ಲಿದ್ದ ಚಹಾದ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟರು. ಉತ್ತರ ಕೊಟ್ಟವಳು ಅಕ್ಕ.

"ಅವ ಹೋದ. ಮಧ್ಯಾಹ್ನದ ಬಸ್ಸಿಗೆ. ನಾವೇ ಓಡಿಸಿದ್ದು."

ಬ್ಯಾರಿಯವರು ಒಮ್ಮೆ ಕಣ್ಣು ಮುಚ್ಚಿ ತೆರೆದರು. "ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ಟ್ರಂಕಿನ ಮೇಲೆ ತಲೆ ಇಟ್ಟು ಕೂತಿದ್ದ," ಎಂದರು. "ಎಂತ ಆಯ್ತು ಮಗಾ ಅಂತ ಕೇಳುವ ಅಂತ ಆಯ್ತು. ಬಸ್ಸು ಹೊರಟಿತು, ಹತ್ತಿದೆ."

ಅವರು ಚಹಾ ಕುಡಿಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ನನ್ನ ತಲೆ ಸವರಿದರು. "ಅಣ್ಣನಿಗೆ ಕಾಗದ ಬರೀವಾಗ ಹೇಳು ಮಗಳೇ, ನಾನು ಬೈಯಲಿಕ್ಕೆ ಬಂದದ್ದಲ್ಲ ಅಂತ." ಅವರ ಅಂಗೈಯಿಂದ ಒಣಮೀನಿನ ವಾಸನೆ ಬರುತ್ತಿತ್ತು.

ಇದಾದ ಮೇಲೆ ಎಲ್ಲರೂ ಬದಲಾದರೆಂದು ಹೇಳಲು ನನಗೂ ಆಸೆ. ಹಾಗಾಗಲಿಲ್ಲ. "ಯುದ್ಧ ಅಂದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಸುಬೇದಾರಜ್ಜ ಎದ್ದು ಹೋದರು. ಒಂದು ವಾರ ಕಳೆದು, "ರೇಡಿಯೊನ ಕಾಗದ ಬಂತಾ?" ಎಂದು ಕೇಳಿದಾಗ ಬೆಂಚಿನಲ್ಲಿದ್ದವರು ಮತ್ತೆ ನಕ್ಕರು. ಅಪ್ಪ ತಾನೇ ಕಾಗದ ಬರೆಯುತ್ತೇನೆಂದರು. ಇನ್‌ಲ್ಯಾಂಡ್ ಕಾಗದ ತಂದು ಕಪಾಟಿನ ಮೇಲೆ ಇಟ್ಟರು. ಅದು ಎಣ್ಣೆ ಹೀರಿ ಹಳದಿಯಾಗುವವರೆಗೂ ಅಲ್ಲೇ ಇತ್ತು. ಬರೆದವಳು ಅಕ್ಕ.

ಅಣ್ಣ ಎರಡು ವರ್ಷದ ನಂತರ ಪುತ್ತೂರಿಗೆ ಬಂದ. ಬ್ಯಾರಿಯವರ ಮನೆಯಲ್ಲಿ ಎರಡು ದಿನ ಇದ್ದ, ಅವರ ಹೆಂಡತಿಯ ಕೈಯಡುಗೆ ಉಂಡ. ಅವರ ಮಗ ಕೊನೆಗೆ ಏನು ಹೇಳಿದ್ದನೆಂದು ಅವರಿಬ್ಬರಿಗೆ ಮಾತ್ರ ಹೇಳಿದ. ನಮಗೆ ಅದು ಇಂದಿಗೂ ಗೊತ್ತಿಲ್ಲ. ಪುತ್ತೂರಿನಿಂದ ಅರಂತೋಡಿಗೆ ಬರಲು ಎಷ್ಟು ಹೊತ್ತು ಬೇಕು? ಅವನು ಬರಲಿಲ್ಲ. ಅಪ್ಪ ಇರುವವರೆಗೂ ಬರಲಿಲ್ಲ.

ಅಪ್ಪನ ಉತ್ತರಕ್ರಿಯೆಗೆ ಬಂದ. ಕೂದಲು ನರೆಯಲು ಶುರುವಾಗಿತ್ತು. ಮೂತಿಯಲ್ಲಿ ಒಂದೇ ಪಂಕ ತಿರುಗುತ್ತಿದ್ದ ಹಳೆಯ ವಿಮಾನಗಳೆಲ್ಲ ಮೂಲೆ ಸೇರಿ ಸ್ಕ್ವಾಡ್ರನ್ನಿಗೆ ಎರಡು ಎಂಜಿನಿನ ದೊಡ್ಡ ವಿಮಾನಗಳು ಬಂದಿವೆ, ಈಗ ಕಿವಿಗಿಂತ ಪರದೆಯೇ ಮುಖ್ಯ, ಹೊಸ ಹುಡುಗರಿಗೆ ತಾನು ಕಲಿಸುತ್ತೇನೆ ಎಂದೆಲ್ಲ ಅಕ್ಕನಿಗೆ ಹೇಳುತ್ತಿದ್ದ. ವಾಪಸ್ ಬಾರದವರ ಹೆಸರಿನ ಹಲಗೆಯೊಂದು ಅಲ್ಲಿ ಗೋಡೆಯಲ್ಲಿದೆಯಂತೆ. ಹೊಸಬರು ಬಂದ ದಿನ ಮೊದಲು ಅದರ ಎದುರು ನಿಲ್ಲಿಸುತ್ತಾನಂತೆ. ನಾನು ಕೈತೊಳೆಯುವ ಕಡೆ ಅವನನ್ನು ಒಬ್ಬನನ್ನೇ ಹಿಡಿದು, ಆ ದಿನ ಕೂಗಿದ್ದಕ್ಕೆ ಕ್ಷಮೆ ಕೇಳಿದೆ. ಆಗ ನನಗೂ ಮಕ್ಕಳಾಗಿದ್ದವು.

"ಸಣ್ಣವಳು ನೀನು ಆಗ. ಬಿಡು," ಎಂದ. ಟವೆಲಿನಲ್ಲಿ ಕೈ ಒರಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ, "ಅಷ್ಟು ಜನ ನಗುವಾಗ ನಿನ್ನ ಸ್ವರ ಮಾತ್ರ ನನಗೆ ಬೇರೆಯೇ ಕೇಳಿತು."

ಅವನು ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು. ಮಾಡಲಿಲ್ಲ. ಹೋದ ವರ್ಷ ತೀರಿಕೊಂಡ.

ಮಕ್ಕಳೇ, ಅವನು ನಮಗೆ ಹೇಳಲಾಗದೆ ನುಂಗಿಕೊಂಡದ್ದೆಲ್ಲ ಈಗ ನಿಮ್ಮ ಫೋನಿನಲ್ಲಿದೆ. ಆ ವಿಮಾನದ ಚಿತ್ರ, ಮೂವರು ಕೂರುವ ಜಾಗ, ಯಂತ್ರ ಹೇಗೆ ಕೇಳುತ್ತದೆ ಎನ್ನುವುದು, ಎಲ್ಲ. ಮೊನ್ನೆ ನೀವೇ ನನಗೆ ಹುಡುಕಿ ತೋರಿಸಿದಿರಿ. ಅದೇ ಫೋನಿನಲ್ಲಿ ಇನ್ನೊಂದನ್ನೂ ತೋರಿಸಿದಿರಿ. ನಿಮ್ಮ ತರಗತಿಯ ಹುಡುಗನೊಬ್ಬ ವೇದಿಕೆ ಹತ್ತಿ, ಭಾಷಣ ಮರೆತು ಅಳುವ ವಿಡಿಯೊ. ಯಾರೋ ಅದಕ್ಕೆ ಆಡಿನ ಕೂಗು ಸೇರಿಸಿದ್ದರು. ಕೆಳಗೆ ಸಾಲುಸಾಲಾಗಿ ನಗುವ ಮುಖಗಳು. ನಾನು ಕನ್ನಡಕ ಹಾಕಿಕೊಂಡು ಹೆಸರುಗಳನ್ನು ಓದಿದೆ. ನಿಮ್ಮಿಬ್ಬರದೂ ಇತ್ತು.

ನಮ್ಮ ಮೈದಾನದ ನಗು ಅರಂತೋಡು ದಾಟಿ ಹೋಗಲಿಲ್ಲ. ಅಣ್ಣನಿಗೆ ಬಸ್ಸು ಹತ್ತಿ ಅದರಿಂದ ದೂರ ಹೋಗಲಾದರೂ ಆಯಿತು. ಈ ಹುಡುಗ ಯಾವ ಬಸ್ಸು ಹತ್ತಬೇಕು? ಅವನು ಹೋದಲ್ಲೆಲ್ಲ ಅವನಿಗಿಂತ ಮೊದಲು ನೀವು ಅಲ್ಲಿ ನಗುತ್ತಾ ಇರುತ್ತೀರಿ.

ಅವನ ಮನೆ ಕಡಬದಲ್ಲಿ ಎಂದಿರಿ. ನಿಮ್ಮ ಅಪ್ಪನಿಗೆ ಕಾರು ತೆಗೆಯಲು ಹೇಳಿದ್ದೇನೆ. ನಾನೂ ಬರುತ್ತೇನೆ. ಚಪ್ಪಲಿ ಹಾಕಿಕೊಳ್ಳಿ.