ಏರು ಹತ್ತಿದ ನೀರು

ಆ ಲಾಂಡ್ರಿಯ ಕಷ್ಟ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದು: ಕೆಳಗೆ ನೀರಿದೆ, ಬಿಸಿಲಿಲ್ಲ, ಮೇಲೆ ಬಿಸಿಲಿದೆ, ನೀರಿಲ್ಲ. ಆಸ್ಪತ್ರೆಯ ಬೆಡ್‌ಶೀಟುಗಳನ್ನು ತಗ್ಗಿನ ಬೀದಿಯ ಶೆಡ್ಡಿನಲ್ಲಿ ಒಗೆಯುತ್ತಾರೆ. ಒಣಹಾಕುವ ಅಂಗಳವೂ ಇಸ್ತ್ರಿ ಕೋಣೆಯೂ ಗುಡ್ಡದ ನೆತ್ತಿಯ ಮೇಲಿವೆ. ನಡುವೆ ಎರಡೂವರೆ ಕಿಲೋಮೀಟರ್ ಏರು, ನಾಲ್ಕು ತಿರುವು. ಒಗೆದದ್ದನ್ನು ಮೇಲೆ ಮುಟ್ಟಿಸುವುದು ಒಂದು ಪಿಕಪ್. ಕಂಪನಿ ಮಾಡುವ ಪಿಕಪ್‌ಗಳಲ್ಲೇ ಅತಿ ಸಣ್ಣ ಎಂಜಿನ್ನಿನದು. ಅದನ್ನು ಓಡಿಸುವ ಹೆಂಗಸಿಗೆ ಐವತ್ತಕ್ಕೆ ಒಂದು ಕಡಿಮೆ. ಬೀದಿಯವರು ಅವಳನ್ನು ಕರೆಯುವುದು ಸೆಕೆಂಡ್ ಗೇರ್ ಎಂದು, ಏಕೆಂದರೆ ಗಾಡಿ ಬುಡದಿಂದ ನೆತ್ತಿಯವರೆಗೆ ಅದೇ ಗೇರಿನಲ್ಲಿ ನರಳಿಕೊಂಡು ಹತ್ತುತ್ತಿತ್ತು. ಪಕ್ಕದಲ್ಲಿ ನಡೆದು ಹೋಗುವವರು ಅವಳೊಡನೆ ಮನೆಕಡೆಯ ಸುದ್ದಿಯೆಲ್ಲ ಮಾತಾಡಿ ಮುಗಿಸಬಹುದಿತ್ತು.

ಸ್ಟಿಯರಿಂಗ್ ಹಿಡಿಯುವ ಮೊದಲು ಹನ್ನೊಂದು ವರ್ಷ ಅವಳು ಇಸ್ತ್ರಿ ಕೋಣೆಯ ಹಿಂದಿನ ಮೇಜಿನ ಮುಂದೆ ನಿಂತು ಬೆಡ್‌ಶೀಟು ಮಡಿಸಿದ್ದಳು. ಮೇಜು ಗೋಡೆಗೆ ತಾಗಿಕೊಂಡಿತ್ತು. ಗೋಡೆಯ ಬಿರುಕುಗಳು ಇಂದಿಗೂ ಅವಳಿಗೆ ಬಾಯಿಪಾಠ. ನಲವತ್ತೊಂದನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು, ಎರಡು ಸಲ ಫೇಲಾದಳು, ಮೂರನೇ ಸಲ ಲೈಸೆನ್ಸ್ ತಂದಳು. ಅದಾಗಿ ಎಂಟು ವರ್ಷ.

ತಿಂಗಳ ಮೊದಲನೇ ದಿನ ಯಜಮಾನರು ಶೆಡ್ಡಿನ ಬಾಗಿಲಲ್ಲಿ ಅವಳನ್ನು ನಿಲ್ಲಿಸಿದರು.

"ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಡೋದೂ ಒಂದು ಗಾಡಿನೇನಮ್ಮಾ? ತಿಂಗಳ ಕೊನೆಗೆ ಹನ್ನೆರಡು ಬರ್ಬೇಕು. ಇಲ್ದಿದ್ರೆ ಬಾಡಿಗೆ ಲಾರಿಯವನಿಗೆ ಒಪ್ಪಿಸ್ತೀನಿ. ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ. ಮಡಿಸೋ ಮೇಜು ಇದ್ದೇ ಇದೆ."

ಅವರು ಅದನ್ನು ಸಮಾಧಾನದ ಮಾತೆಂದೇ ಆಡಿದ್ದರು. ಅವಳಿಗೆ ಗೋಡೆಯ ಬಿರುಕುಗಳು ಕಣ್ಣ ಮುಂದೆ ಬಂದವು.

ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್‌ಗೆ 'ಒಂದ್ನಿಮಿಷ' ಎಂದು ಹೆಸರು. ಯಾವ ಕೆಲಸ ಹೇಳಿದರೂ ಒಂದ್ನಿಮಿಷ ಅನ್ನುತ್ತಿದ್ದ, ಸಂಜೆ ಮಾಡುತ್ತಿದ್ದ. ಅವನು ಬಾನೆಟ್ ಎತ್ತಿ ಏರ್ ಫಿಲ್ಟರ್ ಹೊರಗೆಳೆದ. ಅದರ ಮೇಲೆ ಬೆರಳು ದಪ್ಪದ ಬೂದು ಹತ್ತಿ ಮೆತ್ತಿಕೊಂಡಿತ್ತು.

"ಅಕ್ಕ, ಇದೇನು ದಿಂಬು ತುಂಬಕ್ಕೆ ಕೂಡಿಟ್ಟಿದ್ರಾ?"

ಕೊಳೆಬಟ್ಟೆ ಒದರುವ ಕೋಣೆಯ ಫ್ಯಾನು ನೂಲಿನ ಧೂಳನ್ನು ಹೊರಗೆ ಉಗುಳುವ ಜಾಗದಲ್ಲೇ ಅವಳು ದಿನಾ ಗಾಡಿ ನಿಲ್ಲಿಸುತ್ತಿದ್ದಳು, ನೆರಳಿದೆ ಎಂದು. ಟೈರುಗಳಲ್ಲೂ ಗಾಳಿ ಕಡಿಮೆ ಇತ್ತು. ಮೆತ್ತಗಿದ್ದರೆ ಏರಿನಲ್ಲಿ ಹಿಡಿತ ಸಿಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿದ್ದಳು. ಒಂದ್ನಿಮಿಷ ಫಿಲ್ಟರ್ ಬದಲಿಸಿದ, ಹೊಸ ಪ್ಲಗ್ ಹಾಕಿದ, ಟೈರುಗಳಿಗೆ ಗಾಡಿಯ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಬರೆದಷ್ಟು ಗಾಳಿ ತುಂಬಿದ. ತಿರುವಿಗೆ ಬಂದ ಮೇಲೆ ಬ್ರೇಕು ಒತ್ತಿ ಮತ್ತೆ ಆಕ್ಸಿಲರೇಟರ್ ತುಳಿಯಬೇಡಿ, ಮೊದಲೇ ನೋಡಿಕೊಂಡು ಒಂದೇ ಸಮನೆ ಹೋಗಿ ಎಂದ. ಅವಳು ಗಾಡಿ ನಿಲ್ಲಿಸುವ ಜಾಗ ಬದಲಿಸಿದಳು. ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ ಕಂಠಮಟ್ಟ ತುಂಬಿಸಿ ವಾರವಿಡೀ ಅಳೆದಳು. ಹತ್ತೂಮುಕ್ಕಾಲು ಬಂತು. ಮುಂದಿನ ವಾರವೂ ಅಷ್ಟೇ, ಜಪ್ಪಯ್ಯ ಅಂದರೂ ಮೇಲೇರಲಿಲ್ಲ.

"ಇನ್ನು ಎಂಜಿನ್‌ನಲ್ಲಿ ಹುಡುಕೋಕೆ ಏನೂ ಉಳಿದಿಲ್ಲ ಅಕ್ಕ. ಅದು ಹುಟ್ಟಿರೋದೇ ಅಷ್ಟಕ್ಕೆ. ಭಾರ ಇಳಿಸಿ ನೋಡಿ."

"ಏನಿಳಿಸ್ಲಪ್ಪ? ಬೆಡ್‌ಶೀಟು ಕೆಳಗೇ ಬಿಟ್ಟು ನಾನೊಬ್ಬಳೇ ಮೇಲೆ ಹೋಗಿ ಗಾಳಿ ತಿಂದು ಬರ್ಲಾ?"

ಆ ಮಧ್ಯಾಹ್ನ ಖಾಲಿ ಗಾಡಿ ಇಳಿಸುವಾಗ ಅವಳು ರಸ್ತೆ ನೋಡಿದಳು. ಹತ್ತುವ ಬದಿಯಲ್ಲಿ, ಬುಡದಿಂದ ನೆತ್ತಿಯವರೆಗೆ, ಒಂದು ಒದ್ದೆ ಗೆರೆ ಇತ್ತು. ಎಂಟು ವರ್ಷದಿಂದ ದಿನಾ ನೋಡಿದ ಗೆರೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಶೆಡ್ಡಿನಲ್ಲಿ ಕೊಳೆಬಟ್ಟೆ ತೂಗುವ ತಕ್ಕಡಿ ಇತ್ತು. ಒಗೆದ ಬಟ್ಟೆಯನ್ನು ಅದರ ಮೇಲೆ ಯಾರೂ ಇಟ್ಟವರಲ್ಲ. ಅವಳು ಗಾಡಿಗೆ ಹೊರಟಿದ್ದ ಒಂದು ಗಂಟು ಇಟ್ಟಳು: ಇಪ್ಪತ್ತೇಳು ಕಿಲೋ. ಅದನ್ನೇ ಮತ್ತೆ ಹಿಂಡುವ ಯಂತ್ರಕ್ಕೆ ಹಾಕಿಸಿ, ಪೂರ್ತಿ ಎಂಟು ನಿಮಿಷ ತಿರುಗಿಸಿ ಇಟ್ಟಳು: ಹದಿನೆಂಟು. ಒಂದು ಸಲಕ್ಕೆ ಇಪ್ಪತ್ತು ಗಂಟು. ನೂರೆಂಬತ್ತು ಕಿಲೋ ನೀರು, ಅಂದರೆ ಟಿಕೆಟ್ ಇಲ್ಲದೆ ಮೂರು ಜನ ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತುತ್ತಿದ್ದರು.

"ಮೂರೇ ನಿಮಿಷಕ್ಕೆ ಯಾಕೆ ನಿಲ್ಲಿಸ್ತೀಯ?" ಎಂದು ಯಂತ್ರದವನನ್ನು ಕೇಳಿದಳು.

"ನಿಮ್ಮ ಅತ್ತಿಗೆನ ಕೇಳಿ. ಅವರು ಹೇಳಿದ್ದು."

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಮೇಲಿನ ಅಂಗಳವೂ ಇಸ್ತ್ರಿಯೂ ಆಕೆಯ ಆಳ್ವಿಕೆ. ಇವಳನ್ನು ಈ ಕೆಲಸಕ್ಕೆ ಸೇರಿಸಿದ್ದೂ ಆಕೆಯೇ. ಸಂಜೆ ಇವಳು ತಂತಿಯ ಕೆಳಗೆ ನಿಂತು ತೂಕದ ವಿಷಯ ಹೇಳಿದಳು. ಅತ್ತಿಗೆ ಕ್ಲಿಪ್ಪು ಸಿಕ್ಕಿಸುತ್ತಲೇ ಕೇಳಿಸಿಕೊಂಡಳು.

"ಪೂರ್ತಿ ಹಿಂಡಿದ್ರೆ ಬಟ್ಟೆ ಮುದುಡಿಕೊಂಡು ಬರತ್ತೆ ಕಣೇ. ಒದ್ದೆ ಇದ್ರೆ ತನ್ನ ಭಾರಕ್ಕೆ ತಾನೇ ಜಗ್ಗಿ ನೆಟ್ಟಗಾಗತ್ತೆ, ಇಸ್ತ್ರಿ ಅರ್ಧ ಮುಗಿದ ಹಾಗೆ. ನಿನಗೆ ನಿನ್ನ ಗಾಡಿ, ನನಗೆ ನನ್ನ ಭುಜ."

ಬಲಗೈ ಮೇಲೆತ್ತಿ ತೋರಿಸಿದಳು. ಅದು ಕಿವಿಯ ಮಟ್ಟಕ್ಕಿಂತ ಮೇಲೇರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಡೆದಿತ್ತು, ಅದೂ ಒಂದೇ ಮನೆಯೊಳಗೆ.

"ಅತ್ತಿಗೆ, ಹನ್ನೆರಡು ಬರದಿದ್ರೆ ನಾನು ಮತ್ತೆ ಆ ಗೋಡೆ ಮುಂದೆ ನಿಲ್ಬೇಕು."

ಅತ್ತಿಗೆ ಒಂದು ಬೆಡ್‌ಶೀಟು ಮುಗಿಸಿ ಇನ್ನೊಂದಕ್ಕೆ ಕೈಹಾಕಿದಳು. "ನೀನು ಗಂಟು ಇಳಿಸಿದ ಮೇಲೆ ಏನು ಮಾಡ್ತೀಯ?"

"ಕೂತಿರ್ತೀನಿ."

"ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ."

"ಇಬ್ಬರು ಎರಡು ತುದಿ ಹಿಡಿದು ಚಟೀರಂತ ನಾಲ್ಕು ಸಲ ಒದರಿದ್ರೆ ಮುದುಡು ಬಿಡತ್ತೆ. ನನಗಿರೋದು ಒಂದೇ ಕೈ. ಇನ್ನೊಂದು ತುದಿಗೆ ನೀನು ಬರ್ತೀಯಾದ್ರೆ ಎಂಟು ನಿಮಿಷ ಹಿಂಡಿಸ್ಕೊ."

ಆ ಮುಕ್ಕಾಲು ಗಂಟೆ ಅವಳ ದಿನದಲ್ಲಿ ಅವಳದೇ ಆಗಿದ್ದ ಹೊತ್ತು. ಸೀಟಿನ ಮೇಲೆ ಕಾಲು ನೀಡಿ, ಎರಡೂ ಬಾಗಿಲು ತೆರೆದಿಟ್ಟು, ಊರು ನೋಡುತ್ತಿದ್ದಳು. ಅವಳು ಚಪ್ಪಲಿ ಬಿಟ್ಟು ಬಂದು ಎದುರಿನ ತುದಿ ಹಿಡಿದಳು.

ತಿಂಗಳ ಕೊನೆಯ ಮೂರು ದಿನ ಯಜಮಾನರು ಪಕ್ಕದ ಸೀಟಿನಲ್ಲಿ ತಾವೇ ಕೂತು ಬಂದರು. ಎತ್ತರದ ಆಳು, ಅದಕ್ಕೆ ತಕ್ಕ ಹೊಟ್ಟೆ. ಎರಡನೇ ತಿರುವು ದಾಟಿದ ಮೇಲೆ ರಸ್ತೆ ತುಸು ಸಮನಾಗುತ್ತದೆ. ಅಲ್ಲಿ ಅವಳು ಮೂರನೇ ಗೇರಿಗೆ ಹಾಕಿದಳು, ಗಾಡಿ ಎಳೆಯಿತು. ಯಜಮಾನರು ಗೇರಿನ ಕಡೆ ನೋಡಿದರು. ಮೂರನೇ ಸಂಜೆ ಬಂಕಿನಲ್ಲಿ ಕಂಠಮಟ್ಟ ತುಂಬಿಸಿ, ತಾವೇ ಎರಡೆರಡು ಸಲ ಭಾಗಿಸಿ ನೋಡಿದರು.

"ಹನ್ನೊಂದೂಮುಕ್ಕಾಲು. ಕಾಲು ಕಮ್ಮಿ ಆಯ್ತಲ್ಲಮ್ಮಾ."

"ಯಜಮಾನ್ರೇ, ಮೂರು ದಿನವೂ ನೀವು ಕೂತಿದ್ರಿ."

ಪೆಟ್ರೋಲು ಹಾಕುವವನು ಮುಖ ಆಚೆ ತಿರುಗಿಸಿಕೊಂಡ. ಯಜಮಾನರು ಒಂದು ಗಳಿಗೆ ತಮ್ಮ ಹೊಟ್ಟೆಯನ್ನೂ ಇನ್ನೊಂದು ಗಳಿಗೆ ಗಾಡಿಯನ್ನೂ ನೋಡಿದರು.

"ಲಾರಿಯವನಿಗೆ ಬೇಡ ಅಂತ ಹೇಳ್ತೀನಿ," ಎಂದು ಬಂಕಿನಿಂದ ಮನೆಗೆ ನಡೆದೇ ಹೋದರು.

ರಸ್ತೆಯ ಒದ್ದೆ ಗೆರೆ ಈಗಿಲ್ಲ. ಅವಳ ಹೆಸರು ಮಾತ್ರ ಬದಲಾಗಿಲ್ಲ. ದಿನಕ್ಕೆ ನಾಲ್ಕು ಸಲ ಅವಳು ಅಂಗಳದಲ್ಲಿ ಬೆಡ್‌ಶೀಟಿನ ಒಂದು ತುದಿ ಹಿಡಿದು ನಿಲ್ಲುತ್ತಾಳೆ, ಅತ್ತಿಗೆ ಇನ್ನೊಂದು ತುದಿ ಹಿಡಿದು ಗದರುತ್ತಾಳೆ:

"ಜೋರಾಗಿ ಒದರೇ. ಇಲ್ಲೂ ಸೆಕೆಂಡ್ ಗೇರಾ?"