ಎಡಬದಿಗೆ ಬಂದ ಚೆಂಡು

ಅಥವಾ ಕೋಲು ಅವಳ ಬಲಗೈಯಲ್ಲೇ ಇತ್ತೇನೋ. ಒಂದು ಸಲ ನೆನೆಸಿಕೊಂಡರೆ ಎಡಗೈ ಕಾಣುತ್ತದೆ, ಇನ್ನೊಂದು ಸಲಕ್ಕೆ ಬಲಗೈ. ಧೂಳು ಮಾತ್ರ ಎರಡರಲ್ಲೂ ಇದೆ. ನನ್ನ ತಂಗಿ ಕುದುರೆಯ ಮೇಲಿಂದ ಪಕ್ಕಕ್ಕೆ ಬಾಗಿದ್ದಾಳೆ, ಚೆಂಡು ಕುದುರೆಯ ಎಡಬದಿಯಲ್ಲಿ ಉರುಳುತ್ತಿದೆ, ಕೋಲು ಬೀಸುತ್ತಾಳೆ, ಚೆಂಡು ಎರಡು ಕಂಬಗಳ ನಡುವೆ ಹೋಗುತ್ತದೆ. ಆಮೇಲೆ ಸೀಟಿ. ಸೀಟಿ ಊದಿದ್ದು ಖಚಿತ. ಅದೊಂದರ ಬಗ್ಗೆ ಯಾರಿಗೂ ತಕರಾರಿಲ್ಲ.

ಕುಣಿಗಲ್ಲಿನ ಹೊರಗೆ, ಕೆಲವು ವರ್ಷಗಳ ಹಿಂದೆ, ಒಂದು ಸಣ್ಣ ಪೋಲೋ ಕ್ಲಬ್ ಶುರುವಾಗಿತ್ತು. ಸ್ಟಡ್ ಫಾರ್ಮಿನ ಕುದುರೆಗಳನ್ನು ನೋಡುತ್ತಲೇ ಬೆಳೆದ ಊರು. ಅಲ್ಲಿನವರಿಗೆ ಅದೇನೂ ವಿಚಿತ್ರವಾಗಿ ಕಾಣಲಿಲ್ಲ. ವಿಚಿತ್ರವಾಗಿ ಕಂಡದ್ದು ಬೋರ್ಡಿನ ಕೆಳಗಿನ ಸಾಲು: ಯುವಕರಿಗೂ ಮಹಿಳೆಯರಿಗೂ ತರಬೇತಿ ಕೊಡಲಾಗುವುದು. ಹುಡುಗರು ಹುಲಿಯೂರುದುರ್ಗದ ಕಡೆಯಿಂದೆಲ್ಲ ಬೈಕಿನಲ್ಲಿ ಬಂದರು. ಹುಡುಗಿಯರು ಐದು ಜನ ಸೇರಿದರು, ಒಂದು ತಂಡಕ್ಕೆ ನಾಲ್ವರು, ಮೇಲೊಬ್ಬಳು. ನನ್ನ ತಂಗಿ ಆ ಐವರಲ್ಲಿ ಒಬ್ಬಳು. ನಮ್ಮ ಮನೆ ಗುಬ್ಬಿಯಲ್ಲಿ. ಅವಳು ತುಮಕೂರಿನ ಕಾಲೇಜಿಗೆ, ನಾನು ತುಮಕೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ದಿನಾ ಒಟ್ಟಿಗೆ ಹೋಗುತ್ತಿದ್ದೆವು. ಭಾನುವಾರ ಅವಳು ತುಮಕೂರಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ಲಿಗೆ ಹೋಗುವಾಗ, ಒಬ್ಬಳನ್ನೇ ಕಳಿಸಲು ಅಪ್ಪ ಒಪ್ಪದ ಕಾರಣ, ಜೊತೆಗೆ ಅಕ್ಕನಾದ ನಾನು.

ಅವಳು ಎಡಚಿ. ಚಿಕ್ಕವಳಿದ್ದಾಗ ಎಡಗೈಯಲ್ಲಿ ಮುದ್ದೆ ಮುರಿದಳೆಂದು ಅಪ್ಪ ಆ ಕೈಯನ್ನು ಅವಳ ಬೆನ್ನಿಗೆ ಒತ್ತಿ ಹಿಡಿದು ಕೂರಿಸಿದ್ದು ನೆನಪಿದೆ. ಅಜ್ಜಿ ಒಳಗಿಂದ ಬಂದು ಗದರಿದಳು: "ಲಿಂಗ ಕೂರಿಸ್ಕೊಳೋ ಕೈ ಕಣ್ಲಾ ಅದು. ಅದೆಂಗ್ಲಾ ಕೆಟ್ಟ ಕೈ ಆಯ್ತದೆ? ಬುಡ್ಲಾ, ಮಗ ಉಣ್ಲಿ." ಅಜ್ಜಿ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಈ ಮಾತು ಅಜ್ಜಿಯದೇ ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಅಮ್ಮ ಮಾತ್ರ, ಹಾಗೆ ಬೈದದ್ದು ನಾನು, ನಿಮ್ಮಜ್ಜಿ ಮಗನ ಮುಂದೆ ಬಾಯೇ ಬಿಡುತ್ತಿರಲಿಲ್ಲ ಅನ್ನುತ್ತಾಳೆ. ಇಬ್ಬರಲ್ಲಿ ಯಾರು ಹೇಳಿದರೋ, ತಂಗಿಯ ಎಡಗೈ ಎಡಗೈಯಾಗಿಯೇ ಉಳಿಯಿತು. ಬರೆಯುವುದು, ಉಣ್ಣುವುದು, ಬಾಚುವುದು ಎಲ್ಲ ಅದರಲ್ಲೇ.

ಕ್ಲಬ್ಬಿನಲ್ಲಿ ಮೊದಲು ಕೂರಿಸುವುದು ಮರದ ಕುದುರೆಯ ಮೇಲೆ. ಒಂದು ಗುಂಡಿ, ಸುತ್ತ ಬಲೆ, ನಡುವೆ ಹಲಗೆಯ ಕುದುರೆ. ಹೊಡೆದ ಚೆಂಡು ಬಲೆಗೆ ಬಡಿದು ಇಳಿಜಾರಿನಲ್ಲಿ ಉರುಳಿ ಮತ್ತೆ ಕೋಲಿನ ಹತ್ತಿರವೇ ಬರುತ್ತದೆ. ತಂಗಿ ಹತ್ತಿ ಕೂತು ಎಡಗೈಗೆ ಕೋಲು ತೆಗೆದುಕೊಂಡಳು. ಕೋಚ್ ಸೇನೆಯಿಂದ ನಿವೃತ್ತರಾದವರು, ದನಿ ಎತ್ತುತ್ತಿರಲಿಲ್ಲ.

"ಪೋಲೋದಲ್ಲಿ ಎಡಗೈ ಇಲ್ಲಮ್ಮ. ನೀನು ಎಡಗೈಲಿ ಹೊಡೀತಾ ಬಾ, ಎದುರಿಗೆ ಇನ್ನೊಬ್ಬ ಬಲಗೈಲಿ ಹೊಡೀತಾ ಬರ್ಲಿ. ಎರಡೂ ಕುದುರೆ ಮುಖಕ್ಕೆ ಮುಖ ಗುದ್ಕೊಂಡು ಸಾಯ್ತವೆ. ಎಡಗೈ ಲಗಾಮಿಗೆ."

"ನಂಗೆ ಬಲಗೈಲಿ ಬರಲ್ಲ ಸರ್."

"ಬರುಸ್ಕೋ. ಇಲ್ಲಾ ಮನೇಲಿರು."

ಬರಿಸಿಕೊಂಡಳು. ಬಲಗೈಯಲ್ಲಿ ಉಣ್ಣಲು ಶುರುಮಾಡಿದಳು. ಅಪ್ಪ ಅದನ್ನು ನೋಡಿ ಸಾರು ಹಾಕಿಸಿಕೊಂಡರು. ಭುಜ ಊದುತ್ತಿತ್ತು, ರಾತ್ರಿ ಅಮ್ಮ ಉಪ್ಪಿನ ಶಾಖ ಕೊಡುತ್ತಿದ್ದಳು. ಎಲ್ಲಕ್ಕಿಂತ ಕಷ್ಟವಾದದ್ದು ಚೆಂಡು ಕುದುರೆಯ ಎಡಬದಿಗೆ ಬಂದಾಗ. ಆಗ ಬಲಗೈಯನ್ನೇ ಕುದುರೆಯ ಕತ್ತಿನ ಆಚೆ ದಾಟಿಸಿ, ಸೊಂಟ ತಿರುಗಿಸಿ ಹೊಡೆಯಬೇಕು. ಎಡಗೈ ಅಲ್ಲೇ, ಚೆಂಡಿನ ಮೇಲೆಯೇ ಇರುತ್ತದೆ. ಆದರೆ ಅದು ಲಗಾಮು ಹಿಡಿದು ಸುಮ್ಮನಿರಬೇಕು.

ಕೋಲು ಅವಳಿಗಿಂತ ಸ್ವಲ್ಪವೇ ಗಿಡ್ಡ. ಒಂದು ಭಾನುವಾರ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ನೋಡಿದ. "ನಿಂಗೇನೋ ಫ್ರೀ ಕಣಮ್ಮ. ಈ ಕೋಲು ಗಂಡೋ ಹೆಣ್ಣೋ?"

"ಹೆಣ್ಣೇ ಅಣ್ಣ. ಆಧಾರ್ ಮನೇಲಿಟ್ಟು ಬಂದೈತೆ."

ಬಸ್ಸೆಲ್ಲ ನಕ್ಕಿತು. ಅವಳು ಹಾಗೆ ತಿರುಗಿ ಉತ್ತರ ಕೊಟ್ಟದ್ದು ನನಗೆ ನೆನಪಿರುವಂತೆ ಅದೇ ಕೊನೆ. ಆಮೇಲೂ ಕೊಟ್ಟಿರಬಹುದು.

ಬೇಸಿಗೆಯಲ್ಲಿ ಪ್ರದರ್ಶನ ಪಂದ್ಯ ಇಟ್ಟರು: ನಾಲ್ವರು ಹುಡುಗಿಯರು, ಎದುರಿಗೆ ನಾಲ್ವರು ಹುಡುಗರು. ಅದರಲ್ಲಿ ಚೆನ್ನಾಗಿ ಆಡಿದ ಒಬ್ಬ ಹುಡುಗಿಯನ್ನು ಹೊರಗಡೆ ಆಡಲು ಹೋಗುವ ಕ್ಲಬ್ ತಂಡಕ್ಕೆ ಸೇರಿಸಿಕೊಳ್ಳುತ್ತೇವೆಂದು ಕೋಚ್ ಹೇಳಿದ್ದರು. ಅಪ್ಪನೂ ಒಂದು ಮಾತು ಹೇಳಿದ್ದರು: "ಸೇರಿಸ್ಕೊಂಡ್ರೆ ಹೋಗು. ಇಲ್ಲಾಂದ್ರೆ ಅಲ್ಲಿಗೆ ನಿಲ್ಸು." ತಂಗಿ ಸರಿ ಅಂದಳು.

ಆ ದಿನ ಕೋಚ್ ತಾವೇ ಅಂಪೈರ್. ನಾನು ಮೈದಾನದ ಎಡಗಡೆ ಅಂಚಿಗೆ ಕಟ್ಟಿದ್ದ ಹಗ್ಗದ ಹತ್ತಿರ ನಿಂತಿದ್ದೆ. ಕೊನೆಯ ಸುತ್ತಿನವರೆಗೂ ಎರಡೂ ಕಡೆಯ ಗೋಲು ಸಮ. ಆಗ ಚೆಂಡು ಅವಳ ಎಡಬದಿಗೆ ಬಂತು. ಮುಂದೆ ಯಾರೂ ಇರಲಿಲ್ಲ. ಅವಳು ಬಾಗಿದಳು. ಚೆಂಡು ಕಂಬಗಳ ನಡುವೆ ಹೋಯಿತು, ಸೀಟಿ ಕೇಳಿಸಿತು, ಕೋಚ್ ಕೈಯೆತ್ತಿ ಅಂದರು: "ಎಡಗೈ. ಗೋಲಿಲ್ಲ."

ಅವಳು ಕುದುರೆ ನಿಲ್ಲಿಸಿ ಹೆಲ್ಮೆಟ್ ತೆಗೆದಳು. "ಇಲ್ಲ ಸರ್. ಬಲಗೈಲೇ ಹೊಡ್ದೆ. ದಾಟ್ಸಿ ಹೊಡ್ದೆ."

"ನಿನ್ನ ಕೈ ನಂಗೆ ಗೊತ್ತಿಲ್ವೇನಮ್ಮ?"

ಆಚೆಯಿಂದ ಒಬ್ಬ ಹುಡುಗ ಕೂಗಿದ, "ಎಡಚಿ ಗೋಲು ಕಣ್ರೋ!" ನಗು. ಅವಳ ಜೊತೆಯ ಹುಡುಗಿಯರು ಹಿಂದಿದ್ದರು, ಅವರಿಗೆ ಕಂಡದ್ದು ಅವಳ ಬೆನ್ನು. ಅವಳು ಕುದುರೆಯನ್ನು ಹಗ್ಗದ ಹತ್ತಿರ ತಂದು ನನ್ನನ್ನು ನೋಡಿದಳು.

"ಅಕ್ಕ, ನೀನ್ ಈ ಕಡೇಲೇ ಇದ್ದಲ್ಲ. ನೋಡ್ದಲ್ಲ? ಹೇಳು ಸರ್‌ಗೆ."

ಕೋಚ್ ಕೂಡ ನನ್ನತ್ತ ತಿರುಗಿದರು. ನನ್ನ ಮಾತಿಗೆ ಕಾಯುತ್ತಿದ್ದರು, ಅಷ್ಟನ್ನು ಒಪ್ಪಬೇಕು. ನಾನು ಅಂದೆ, "ಧೂಳಿತ್ತು ಸರ್."

ಧೂಳಿತ್ತೇ? ಬೇಸಿಗೆ, ಎಂಟು ಕುದುರೆ, ಇದ್ದೇ ಇರಬೇಕು. ಆದರೆ ಹಿಂದಿನ ದಿನ ಮೈದಾನಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸಿದ್ದರು ಎಂದೂ ನನಗೆ ನೆನಪಿದೆ. ಆ ಮಾತು ಬಾಯಿಂದ ಬಂದ ಮೇಲೆ ನಾನೇ ಆ ನೋಟದೊಳಕ್ಕೆ ಧೂಳು ಸುರಿದುಕೊಂಡಿರಬಹುದು. ಎಡಗೈಯೂ ಹಾಗೇ. ಅವಳು ಹುಟ್ಟಿದಾಗಿನಿಂದ ನಾನು ಕಂಡದ್ದೆಲ್ಲ ಅವಳ ಎಡಗೈಯನ್ನು. ಪೆನ್ನು, ಬಾಚಣಿಗೆ, ಮುದ್ದೆ, ನನಗೆ ಬಿದ್ದ ಏಟು, ಎಲ್ಲ ಆ ಕೈಯದು. ಕಣ್ಣಿಗೆ ಸರಿಯಾಗಿ ಕಾಣದೆ ಹೋದ ಆ ಒಂದು ಗಳಿಗೆಯಲ್ಲಿ ಮನಸ್ಸು ಬೇರೆ ಯಾವ ಕೈಯನ್ನು ತಂದಿಡುತ್ತದೆ? ಕೋಚ್‌ಗೂ ಹಾಗೇ ಆಯಿತೋ, ಅಥವಾ ಅವರು ನಿಜವಾಗಿ ನೋಡಿದರೋ? ಅವಳಾದರೂ, ಬಲಗೈ ದಾಟಿಸಿದೆನೆಂದು ಅವಳ ಮೈಗೆ ಅನ್ನಿಸಿ, ಕೈ ತನ್ನಷ್ಟಕ್ಕೆ ಬದಲಾಗಿತ್ತೋ? ಲ್ಯಾಬಿನಲ್ಲಿ ರಕ್ತದ ಮಾದರಿ ಕೆಟ್ಟರೆ ಆ ಮನುಷ್ಯನನ್ನು ಮತ್ತೆ ಕರೆಸುತ್ತೇವೆ. ಆ ಗಳಿಗೆಯನ್ನು ಕರೆಸುವುದೆಲ್ಲಿಂದ?

ಪಂದ್ಯ ಸಮದಲ್ಲೇ ಮುಗಿಯಿತು. ತಂಡಕ್ಕೆ ಬೇರೆ ಹುಡುಗಿಯನ್ನು ತೆಗೆದುಕೊಂಡರು. ಒಳ್ಳೆಯ ಹುಡುಗಿ, ಹೋಗುವಾಗ ತಂಗಿಯನ್ನು ತಬ್ಬಿಕೊಂಡು ಅತ್ತಳು. ಬಸ್ಸಿನಲ್ಲಿ ತಂಗಿ ಕಿಟಕಿಯ ಪಕ್ಕ ಕೂತಳು, ಕೋಲು ನನ್ನ ಕಾಲ ಮೇಲೆ. ಮನೆಯಲ್ಲಿ ಅಪ್ಪ ಬೈಯಲಿಲ್ಲ. "ಆಯ್ತಲ್ಲ, ಬುಡು" ಅಂದರು, ಅಷ್ಟೆ. ಮಳೆಗಾಲ ಕಳೆಯುವುದರೊಳಗೆ ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಬಿಟ್ಟರು. ಮೊನ್ನೆ ಕುಣಿಗಲ್ಲಿಗೆ ಹೋಗಿದ್ದಾಗ ಆ ಕಡೆ ನಡೆದೆ. ಮರದ ಕುದುರೆಯ ಗುಂಡಿಯಲ್ಲಿ ನೀರು ನಿಂತಿತ್ತು. ಬೋರ್ಡಿನ ಕೆಳಗಿನ ಸಾಲು ಹಾಗೇ ಇದೆ.

ತಂಗಿ ಈಗ ತುಮಕೂರಿನ ಒಂದು ಶೋರೂಮಿನಲ್ಲಿ ಬಿಲ್ ಮಾಡುತ್ತಾಳೆ. ಬಲಗೈಯಲ್ಲಿ ಬರೆಯುತ್ತಾಳೆ, ಬಲಗೈಯಲ್ಲಿ ಉಣ್ಣುತ್ತಾಳೆ. ಕಲಿತದ್ದು ಹೋಗಲಿಲ್ಲ, ಹಳೆಯದು ಹಿಂದಕ್ಕೆ ಬರಲಿಲ್ಲ. ಕೋಲು ಹಿತ್ತಲಿನಲ್ಲಿದೆ, ಎತ್ತರದ ತಂತಿಯ ಮೇಲಿನ ಬಟ್ಟೆ ಸರಿಸಲು ಅಮ್ಮನಿಗೆ ಅದೇ ಬೇಕು. ಹೋದ ತಿಂಗಳು ತಂಗಿ ಅದರಿಂದ ಸೀರೆಯೊಂದನ್ನು ಇಳಿಸುತ್ತಿದ್ದಾಗ, ಕೇಳಬಾರದೆಂದುಕೊಂಡೇ ಕೇಳಿದೆ.

"ಅವತ್ತು ಯಾವ ಕೈ ಕಣೇ?"

ಅವಳು ಸೀರೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡಳು. "ಅವತ್ತೇ ಹೇಳಿದ್ನಲ್ಲ" ಅಂದು ಒಳಗೆ ಹೋದಳು.

ಹೇಳಿದ್ದಳು, ನಿಜ. ಅವಳು ಹೇಳಿದ್ದನ್ನು ನಾನು ನಂಬುತ್ತೇನೆಯೇ ಎಂದು ಕೇಳಿಕೊಂಡರೆ ಒಂದೊಂದು ದಿನ ನಂಬುತ್ತೇನೆ. ನಾನು ಏನು ನೋಡಿದೆ ಎಂಬುದು ನನಗೆ ಗೊತ್ತಿಲ್ಲ.