ಎಡಗೈಗೆ ತಕ್ಕ ಭಾರ

ಲಿಂಗ ಜಾರಿತು.

ಜ್ವರ ಬಿಟ್ಟು ಎದ್ದು ಕೂತ ಮೊದಲ ಬೆಳಿಗ್ಗೆ ಅದು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡಿದ್ದೆ. ಎದೆಮಟ್ಟಕ್ಕೆ ಎತ್ತುವಷ್ಟರಲ್ಲಿ ಕೈ ತನ್ನಷ್ಟಕ್ಕೆ ತಾನು ಕುಸಿಯಿತು. ಪುಣ್ಯಕ್ಕೆ ಲಿಂಗ ಸೆರಗಿಗೆ ಬಿತ್ತು. ನೆಲ ಮುಟ್ಟಿದ್ದರೆ ನಾನು ಏನು ಮಾಡಿಕೊಳ್ಳುತ್ತಿದ್ದೆನೋ ಗೊತ್ತಿಲ್ಲ. ಲಿಂಗಪೂಜೆಯಾಗದೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಆ ದಿನ ನಾನು ಉಣ್ಣಲಿಲ್ಲ.

ಹಾಸನದ ಡಾಕ್ಟರು ನನ್ನ ತೋಳನ್ನು ಎತ್ತಿದರು. ಬಿಟ್ಟರು. ಅದು ತೊಡೆಯ ಮೇಲೆ ಬಿತ್ತು.

“ಜ್ವರದಲ್ಲಿ ನರಕ್ಕೆ ಪೆಟ್ಟು ಬಿದ್ದಿದೆಯಮ್ಮ. ಔಷಧಿಗಿಂತ ಎಕ್ಸರ್‌ಸೈಜ್ ಮುಖ್ಯ. ಮನೇಲೇ ಡಂಬೆಲ್ಸ್ ಇಟ್ಕೊಂಡು ದಿನಾ ಎತ್ತಿ. ಸುಮ್ಮನೆ ಬಿಟ್ಟರೆ ತೋಳು ಒಣಗುತ್ತೆ.”

ಒಣಗುತ್ತೆ ಎಂಬ ಆ ಒಂದು ಮಾತನ್ನೇ ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಮನೆಗೆ ಬಂದೆ.

ನಮ್ಮ ಯಜಮಾನರದು ಹೊಳೆನರಸೀಪುರದಲ್ಲಿ ಪುಟ್ಟ ದಿನಸಿ ಅಂಗಡಿ. ಯುದ್ಧದ ಕಾಲ, ಕಬ್ಬಿಣಕ್ಕೆ ಬೆಂಕಿಯಂಥ ಬೆಲೆ. ಹಾಸನದ ಪೇಟೆಯಲ್ಲಿ ಡಂಬೆಲ್ಸ್ ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟರು. ಚನ್ನರಾಯಪಟ್ಟಣದ ಗರಡಿಯಲ್ಲಿ ಹಳೆಯ ಲೋಡುಗಳನ್ನು ಮಾರುತ್ತಾರೆಂದು ಯಾರೋ ಹೇಳಿದರು. ಪೈಲ್ವಾನರು ಹೆಗಲ ಸುತ್ತ ತಿರುಗಿಸುವ ಮರದ ಲೋಡು. ಮಾರನೆಯ ದಿನವೇ ಹೋಗಿ ಒಂದನ್ನು ಹೊತ್ತು ತಂದರು. ಅದನ್ನು ಇಳಿಸುವಾಗ ಅವರಿಗೇ ಏದುಸಿರು.

“ಚಿಕ್ಕದು ಇರಲಿಲ್ವಾ?” ಎಂದೆ.

“ಇತ್ತು ಕಣೆ. ಎಲ್ಲಕ್ಕೂ ಒಂದೇ ರೇಟು ಅಂದ. ಅದೇ ಕಾಸಿಗೆ ದೊಡ್ಡದು ಬತ್ತದೆ ಅಂದ್ರೆ ಯಾರಾದ್ರೂ ಚಿಕ್ಕದು ತತ್ತಾರಾ?”

ಜೀವಮಾನವೆಲ್ಲ ತಕ್ಕಡಿ ಹಿಡಿದವರು. ತೂಕ ಹೆಚ್ಚು ಬಂದರೆ ಲಾಭ ಎಂಬುದನ್ನು ಅವರ ತಲೆಯಿಂದ ಆ ಶಿವನೂ ತೆಗೆಯಲಾರ. ನನಗಾದರೂ ಬುದ್ಧಿ ಬೇಡವೇ? ಬೇಗ ವಾಸಿಯಾಗಬೇಕೆಂಬ ಹಟ ನನ್ನದು. ಎರಡೂ ಕೈ ಹಾಕಿ ಎತ್ತಿದೆ. ಬಲಗೈ ಬಿಟ್ಟೆ.

ಭುಜದಲ್ಲಿ ಏನೋ ಲಟಕ್ಕೆಂದಿತು.

ಮತ್ತೆ ಹಾಸನ. ಡಾಕ್ಟರು ಬ್ಯಾಂಡೇಜ್ ಸುತ್ತುತ್ತಾ ಯಜಮಾನರ ಕಡೆ ನೋಡಿದರು. “ಇನ್ನೊಂದು ಸಲ ಹೀಗಾದರೆ ಈ ಕೈ ಮೇಲೇಳಲ್ಲ. ಮಗುವೂ ಎತ್ತಬಲ್ಲಷ್ಟು ಭಾರದಿಂದ ಶುರು ಮಾಡಬೇಕು.”

“ತಪ್ಪಾಯ್ತು ಸಾ,” ಎಂದು ತಲೆ ತಗ್ಗಿಸಿದರು. ಆ ಮುಖ ನೋಡಿ ನನ್ನ ಸಿಟ್ಟು ಇಳಿಯಿತು. ಭಯ ಇಳಿಯಲಿಲ್ಲ.

ಪೂಜೆಗೆ ಅತ್ತೆ ಒಂದು ದಾರಿ ಕಂಡುಕೊಂಡಿದ್ದರು. ನಾನು ಎತ್ತರದ ಮಣೆಯ ಮೇಲೆ ಎಡ ಮೊಣಕೈ ಊರಿ ಅಂಗೈ ಮುಂದೆ ಚಾಚುವುದು. ಅವರು ಎದುರು ಕೂತು, ನನ್ನ ಕೈಗೆ ತಾಗದಂತೆ ಕೆಳಗೆ ಬೊಗಸೆ ಒಡ್ಡುವುದು. “ಎದರ್ಬೇಡ ಕಣವ್ವ, ನಾ ಇವ್ನಿ,” ಎನ್ನುತ್ತಿದ್ದರು. ನನ್ನದು ಮುಗಿಯುವವರೆಗೂ ಅವರ ಬೊಗಸೆ ಅಲುಗುತ್ತಿರಲಿಲ್ಲ. ಆಮೇಲೆ ನನಗೆ ಬಡಿಸಿ, ತಮ್ಮ ಪೂಜೆಗೆ ಕೂರುತ್ತಿದ್ದರು. ಅಷ್ಟೊತ್ತಿಗೆ ಬಿಸಿಲು ಅಂಗಳಕ್ಕೆ ಇಳಿದಿರುತ್ತಿತ್ತು.

ಬ್ಯಾಂಡೇಜ್ ಬಿಚ್ಚಿದ ಮೇಲೆ, ಎತ್ತುವ ಭಾರದ ಆಯ್ಕೆ ಇನ್ನು ನನ್ನದು ಎಂದೆ. ಅಡುಗೆಮನೆಯಲ್ಲೇ ಹುಡುಕಿದೆ. ಒನಕೆ ಉದ್ದ. ಗುಂಡುಕಲ್ಲಿನ ಭಾರವನ್ನು ಹೆಚ್ಚು ಕಡಿಮೆ ಮಾಡಲಾಗದು. ಕೊನೆಗೆ ಹಿಡಿದದ್ದು ತಾಮ್ರದ ಚೊಂಬು. ಮೊದಲು ಖಾಲಿ ಚೊಂಬನ್ನೇ ಅಂಗೈ ಮೇಲಿಟ್ಟು ಎತ್ತಿದೆ. ಅದಕ್ಕೇ ಬೆವರು ಬಂತು. ಆಮೇಲೆ ಒಂದು ಸೌಟು ನೀರು. ಚೆಲ್ಲದೆ ನಿಂತರೆ ಇನ್ನೊಂದು. ಚೆಲ್ಲಿದ ದಿನ ಒಲೆಯ ಮುಂದೆ ಕೂತು ಅತ್ತದ್ದೂ ಉಂಟು. ಯಜಮಾನರು ಅಂಗಡಿಯಿಂದ ಬಂದವರು ನೆಲದ ಒದ್ದೆ ನೋಡಿ, ತಾವೇ ಒರೆಸುತ್ತಿದ್ದರು. ಅವರ ಲೋಡು ಹಿತ್ತಿಲ ಬಾಗಿಲಿಗೆ, ಗಾಳಿಗೆ ಬಡಿಯದಂತೆ ಒತ್ತಾಗಿ ನಿಂತಿತು. ಆ ಕೆಲಸದ ಮಟ್ಟಿಗೆ ಕೊಟ್ಟ ಕಾಸಿಗೆ ಮೋಸವಿಲ್ಲ.

ಚೊಂಬು ತುಂಬಿದ ಮಾರನೆಯ ಬೆಳಿಗ್ಗೆ ಮಣೆ ಬೇಡವೆಂದೆ.

ಲಿಂಗ ಅಂಗೈ ಮೇಲೆ ಕೂತಿತು. ಕೈ ಎದ್ದಿತು. ನಡುಗಿತು. ನಿಂತಿತು. ಅತ್ತೆಯ ಬೊಗಸೆ ಕೆಳಗಿದೆಯೆಂಬ ಧೈರ್ಯದಲ್ಲಿ ಕಣ್ಣು ಮುಚ್ಚಿ ಪೂಜೆ ಮುಗಿಸಿದೆ. ಚಳಿಯಿದ್ದರೆ ಆ ಕೈ ಈಗಲೂ ನಡುಗುತ್ತದೆ, ತುಂಬಿದ ಕೊಡ ಎತ್ತುವ ಧೈರ್ಯ ಇನ್ನೂ ಬಂದಿಲ್ಲ. ಆ ಬೆಳಿಗ್ಗೆ ಮಾತ್ರ, ಇಷ್ಟು ಕೊಟ್ಟದ್ದೇ ಸಾಕು ಶಿವನೇ ಎಂದುಕೊಂಡು ಕಣ್ಣು ತೆರೆದೆ.

ಕೆಳಗೆ ಬೊಗಸೆ ಇರಲಿಲ್ಲ. ಅತ್ತೆ ಪಕ್ಕದಲ್ಲಿ ತಮ್ಮ ಲಿಂಗ ಅಂಗೈಗಿಟ್ಟು ಕೂತಿದ್ದರು.

“ಕೈ ಯಾವಾಗ ತೆಗೆದ್ರಿ ಅತ್ತೆ?”

“ನಿನ್ ಕೈ ನಿಂತಾಗ್ಲೇ ಕಣವ್ವ. ನಂಗೂ ಒಟ್ಟೆ ಅಸಿಯಾಕಿಲ್ವಾ?”